ದೂರದ ಕಾಡುಗಳಿಗೆ ಒಣಗಾಲದಲ್ಲಿ ಹೋಗುವುದಾದರೆ ಯಾವ ತಿಂಗಳು ಸರಿ?

ಕಾಡುಹಾದಿ: ಉಷ್ಣವಲಯದ ದೂರದ ರಾಷ್ಟ್ರೀಯ ಉದ್ಯಾನಗಳಿಗೆ ಮಳೆ ನಿಂತ ಮೇಲೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಟಾಂಜಾನಿಯಾದ ಕಟಾವಿ, ಜಾಂಬಿಯಾದ ಸೌತ್ ಲುವಾಂಗ್ವಾ, ಪೆರುವಿನ ಮನು. ಈ ಮೂರರಲ್ಲಿ ಒಂದಕ್ಕೆ ಹೋಗಬೇಕು ಅಂದುಕೊಂಡಿದ್ದೇನೆ. ಮೂರರಲ್ಲೂ ಒಣಗಾಲ ಸುಮಾರು ಮೇಯಿಂದ ಅಕ್ಟೋಬರ್‌ವರೆಗೆ. ಅಷ್ಟು ತಿಂಗಳಲ್ಲಿ ಯಾವಾಗ ಹೋಗಲಿ? ಶುರುವಿನಲ್ಲಾ, ಕೊನೆಯಲ್ಲಾ?

ಬಯಲುಗಣ್ಣು: ಕೊನೆಯಲ್ಲಿ ಹೋಗಿ. ಪ್ರಾಣಿ ನೋಡಬೇಕು ಅಂದರೆ ನನ್ನ ಉತ್ತರ ಇದೊಂದೇ. ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಕಟಾವಿಯ ಕಟುಮಾ ನದಿ ಹರಿಯುವುದನ್ನು ನಿಲ್ಲಿಸಿ ಕೆಸರುಗುಂಡಿಗಳಾಗಿರುತ್ತದೆ. ಒಂದೇ ಗುಂಡಿಯಲ್ಲಿ ನೂರಾರು ನೀರಾನೆಗಳು ಮೈಗೆ ಮೈ ಒತ್ತಿಕೊಂಡು ಬಿದ್ದಿರುತ್ತವೆ. ಮೊಸಳೆಗಳು ದಂಡೆಯ ಬಿಲಗಳೊಳಗೆ ಸೇರಿಕೊಳ್ಳುತ್ತವೆ. ಹುಲ್ಲು ಒಣಗಿ ನೆಲ ಕಾಣುವುದರಿಂದ ಸಿಂಹ ಮಲಗಿದ್ದರೂ ಕಣ್ಣಿಗೆ ಬೀಳುತ್ತದೆ. ಜೂನ್‌ನಲ್ಲಿ ಹೋದರೆ ಇದೇ ಜಾಗದಲ್ಲಿ ಆಳೆತ್ತರದ ಹುಲ್ಲು ನೋಡಿಕೊಂಡು ಬರಬೇಕು.

ತಂಪುಹೊತ್ತು: ಪ್ರಾಣಿ ಕಾಣುತ್ತದೆ, ನಿಜ. ಆದರೆ ಅಕ್ಟೋಬರ್‌ನಲ್ಲಿ ಲುವಾಂಗ್ವಾ ಕಣಿವೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗ್ಗೆ ಹತ್ತರ ಮೇಲೆ ಹೊರಗೆ ಇರಲಿಕ್ಕೇ ಆಗುವುದಿಲ್ಲ. ಲುವಾಂಗ್ವಾ ಹೆಸರಾಗಿರುವುದೇ ಕಾಲ್ನಡಿಗೆಯ ಸಫಾರಿಗೆ. ಅಲ್ಲಿಗೆ ಹೋಗಿ ಗಾಡಿಯಲ್ಲೇ ಕೂತಿರುವುದು ಬೇಡ. ಜುಲೈ, ಆಗಸ್ಟ್ ನಡೆಯಲು ಚೆನ್ನಾಗಿರುತ್ತದೆ. ಆಗ ಬೆಳಗಿನ ಜಾವ ತೆರೆದ ಗಾಡಿಯಲ್ಲಿ ಚಳಿ ಕೊರೆಯುತ್ತದೆ, ಸ್ವೆಟರ್ ಬೇಕೇ ಬೇಕು. ಆಫ್ರಿಕಾ ಅಂದರೆ ಬರೀ ಸೆಕೆ ಅಂದುಕೊಂಡು ಹೋದವರು ನಡುಗುತ್ತಾ ಕೂರುತ್ತಾರೆ.

ನದಿದಾರಿ: ಇಬ್ಬರೂ ಹುಲ್ಲುಗಾಡಿನ ಲೆಕ್ಕ ಹೇಳುತ್ತಿದ್ದೀರಿ. ಮನುವಿಗೆ ಅದು ಹೊಂದುವುದಿಲ್ಲ. ಅದು ಮಳೆಕಾಡು. ಒಣಗಾಲದಲ್ಲೂ ಮಳೆ ಬೀಳುತ್ತದೆ, ಸ್ವಲ್ಪ ಕಡಿಮೆ ಅಷ್ಟೆ. ನೀರು ಎಲ್ಲೆಲ್ಲೂ ಸಿಗುವುದರಿಂದ ಪ್ರಾಣಿಗಳು ಒಂದು ಕಡೆ ಸೇರುವುದಿಲ್ಲ. ಬದಲಾಗುವುದು ನದಿ. ನೀರು ಇಳಿದು ಮರಳದಿಬ್ಬಗಳು ಮೇಲೆ ಬರುತ್ತವೆ, ಅಲ್ಲಿ ಹಕ್ಕಿಗಳು ಮೊಟ್ಟೆ ಇಡುತ್ತವೆ, ಕೈಮನ್ ಮೊಸಳೆಗಳು ಬಿಸಿಲು ಕಾಯಿಸುತ್ತವೆ. ಅದೇ ಕಾರಣಕ್ಕೆ ದೋಣಿಯೂ ತಳ ತಾಗಿ ನಿಲ್ಲುತ್ತದೆ, ಇಳಿದು ತಳ್ಳಬೇಕಾಗುತ್ತದೆ. ಪ್ರಯಾಣಕ್ಕೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಒಣಗಾಲದ ಮೊದಲ ತಿಂಗಳುಗಳಲ್ಲಿ ಆ ಕಾಡಿನಲ್ಲಿ ಹಣ್ಣಿನ ಬರ. ಕೋತಿಗಳು ಅತ್ತಿ ಜಾತಿಯ ಮರಗಳನ್ನೂ ತಾಳೆ ಕಾಯಿಗಳನ್ನೂ ನಂಬಿಕೊಂಡಿರುತ್ತವೆ. ಹಣ್ಣು ಬಿಟ್ಟ ಅತ್ತಿಮರ ಗೊತ್ತಿರುವ ಗೈಡ್ ಸಿಕ್ಕರೆ ಅದರ ಕೆಳಗೆ ಸುಮ್ನೆ ಕೂತುಬಿಡಿ. ಜೊತೆಗೆ ದಕ್ಷಿಣದಿಂದ ‘ಫ್ರಿಯಾಹೆ’ ಅನ್ನುವ ಶೀತಗಾಳಿ ನುಗ್ಗಿದರೆ ಒಂದೆರಡು ದಿನ ಅಮೆಜಾನಿನಲ್ಲೂ ಕಂಬಳಿ ಹುಡುಕಬೇಕು.

ಮೆಲ್ಲಡಿ: ನನಗೆ ಬಯಲುಗಣ್ಣು ಅವರ ಮಾತೇ ಚುಚ್ಚುತ್ತಿದೆ. ಕೆಸರಿನಲ್ಲಿ ಒತ್ತಿಕೊಂಡು ಬಿದ್ದಿರುವ ನೀರಾನೆಗಳು ಕಷ್ಟದಲ್ಲಿವೆ. ಮೇವಿಲ್ಲ, ಜಾಗಕ್ಕೆ ಹೊಡೆದಾಟ, ಸಾಯುವುದೂ ಆಗಲೇ. ಅವು ಅತಿ ಸೊರಗಿದ ಹೊತ್ತನ್ನೇ ‘ಒಳ್ಳೆಯ ಸೀಸನ್’ ಅಂತ ಕರೆದು ಇದ್ದೊಂದು ನೀರಿನ ಹತ್ತಿರ ಗಾಡಿ ನಿಲ್ಲಿಸುವುದು ಸರೀನಾ?

ಬಯಲುಗಣ್ಣು: ಆ ಕಷ್ಟ ನಾವು ಹೋದರೂ ಹೋಗದಿದ್ದರೂ ಇರುತ್ತದೆ. ಜನ ಹೋಗದ ಕಾಡಿನಲ್ಲಿ ಏನಾಗುತ್ತದೆ ನೋಡಿ. ಚಾಡ್ ದೇಶದ ಝಕೌಮಾದಲ್ಲಿ 2002ರಲ್ಲಿ 4,000ಕ್ಕೂ ಹೆಚ್ಚು ಆನೆಗಳಿದ್ದವು. ಕಳ್ಳಬೇಟೆಯಿಂದ 2010ರ ಹೊತ್ತಿಗೆ ಉಳಿದದ್ದು ಸುಮಾರು 450.

ಮೆಲ್ಲಡಿ: ಆ ಆನೆಗಳನ್ನು ಉಳಿಸಿದ್ದು ಪ್ರವಾಸಿಗಳಲ್ಲ. 2010ರಲ್ಲಿ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ಉಸ್ತುವಾರಿ ವಹಿಸಿಕೊಂಡಿತು. ಮಳೆಗಾಲದಲ್ಲಿ ಉದ್ಯಾನದ ಹೊರಗೆ ಹೋಗುವ ಆನೆಗಳ ಹಿಂದೆಯೂ ಕಾವಲು ಹಾಕಿತು. ಝಕೌಮಾ ಮಳೆಗಾಲದಲ್ಲಿ ನೀರಿನಡಿ ಹೋಗುತ್ತದೆ, ಪ್ರವಾಸಿಗಳು ಆಗ ಅಲ್ಲಿ ಇರುವುದೇ ಇಲ್ಲ. ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಪ್ರಾಣಿ ಮತ್ತು ನೀರಿನ ನಡುವೆ ಗಾಡಿ ನಿಲ್ಲಬಾರದು. ಆನೆ ದಾರಿ ಬದಲಿಸಿದರೆ ನಾವು ತೀರಾ ಹತ್ತಿರ ಬಂದಿದ್ದೇವೆ ಅಂತ ಅರ್ಥ. ಕ್ಯಾಂಪ್ ಬುಕ್ ಮಾಡುವ ಮೊದಲೇ ಇದನ್ನು ಕೇಳಿ. ಉತ್ತರ ಹಾರಿಸಿದರೆ ಬೇರೆ ಕ್ಯಾಂಪ್ ನೋಡಿ.

ಬಯಲುಗಣ್ಣು: ಕಾವಲಿನ ಮಾತು ಒಪ್ಪುತ್ತೇನೆ. ದೂರ ಇಟ್ಟುಕೊಳ್ಳುವುದನ್ನೂ ಒಪ್ಪುತ್ತೇನೆ. ತಿಂಗಳು ಮಾತ್ರ ಬದಲಿಸುವುದಿಲ್ಲ.

ಕೆಂಪುಧೂಳು: ಒಣಗಾಲದಲ್ಲಿ ಎಲ್ಲ ಸಿಗುತ್ತದೆ ಅನ್ನುವವರಿಗೆ ಆಸ್ಟ್ರೇಲಿಯಾದ ಕಕಾಡು ಉದಾಹರಣೆ ಸಾಕು. ಜಿಮ್ ಜಿಮ್ ಜಲಪಾತ ಭೋರ್ಗರೆಯುವುದು ಮಳೆಗಾಲದಲ್ಲಿ, ಆಗ ದಾರಿ ಮುಚ್ಚಿರುತ್ತದೆ. ದಾರಿ ತೆರೆದ ಮೇಲೆ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಹೋಗಬಹುದು. ಆದರೆ ದಿನ ಕಳೆದಷ್ಟೂ ನೀರು ಸಣ್ಣದಾಗುತ್ತದೆ, ಕೊನೆಗೆ ಬರೀ ಬಂಡೆ. ಆ ನೆಲದ ಬಿನಿಂಜ್ ಜನ ವರ್ಷವನ್ನು ಆರು ಕಾಲಗಳಾಗಿ ನೋಡುತ್ತಾರೆ. ತಂಪಿನ ತಿಂಗಳುಗಳಲ್ಲೇ ಸಣ್ಣ ಬೆಂಕಿ ಹಾಕಿ ಹುಲ್ಲು ಸುಡುತ್ತಾರೆ, ಆಮೇಲೆ ದೊಡ್ಡ ಬೆಂಕಿ ಏಳಬಾರದು ಅಂತ. ಹೊಗೆ ಕಂಡರೆ ಗಾಬರಿ ಬೇಡ. ಮತ್ತೆ, ನೀರು ಇಳಿದಿದೆ ಅಂತ ಸಿಕ್ಕ ಗುಂಡಿಗೆ ಇಳಿಯಬೇಡಿ. ಉಪ್ಪುನೀರಿನ ಮೊಸಳೆ ಸಿಹಿನೀರಿನಲ್ಲೂ ಇರುತ್ತದೆ.

ತಂಪುಹೊತ್ತು: ಸೊಳ್ಳೆ ಕಡಿಮೆ ಅಂತ ಮಲೇರಿಯಾ ಮಾತ್ರೆ ಬಿಡಬೇಡಿ. ಡಾಕ್ಸಿಸೈಕ್ಲಿನ್ ತೆಗೆದುಕೊಂಡರೆ ಕೆಲವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಡಾಕ್ಟರ ಹತ್ತಿರ ಮೊದಲೇ ಮಾತಾಡಿ. ಕಟಾವಿ, ಲುವಾಂಗ್ವಾ ಎರಡರಲ್ಲೂ ಕಚ್ಚುವ ತ್ಸೆತ್ಸೆ ನೊಣ ಇದೆ. ಕಡುನೀಲಿ, ಕಪ್ಪು ಬಟ್ಟೆ ಅದನ್ನು ಸೆಳೆಯುತ್ತದೆ.

ಕಾಡುಹಾದಿ: ಎಲ್ಲರಿಗೂ ಧನ್ಯವಾದ. ನನಗೆ ನಡೆಯುವ ಆಸೆ ಜಾಸ್ತಿ. ಹಾಗಾಗಿ ಲುವಾಂಗ್ವಾ, ಆಗಸ್ಟ್ ಕೊನೆ ಅಂತ ಇಟ್ಟುಕೊಳ್ಳುತ್ತೇನೆ.

ಬಯಲುಗಣ್ಣು: ಆಗುವುದಾದರೆ ಎರಡು ಮೂರು ವಾರ ಮುಂದಕ್ಕೆ ಹಾಕಿ. ಸೆಪ್ಟೆಂಬರ್ ನಡುವೆ ಕಡುಕೆಂಪು ಕಳ್ಳಿಪೀರ ಹಕ್ಕಿಗಳು ಬಂದು ನದಿಯ ಮಣ್ಣುಗೋಡೆಯಲ್ಲಿ ಗೂಡು ಕೊರೆಯುತ್ತಿರುತ್ತವೆ. ಬೆಳಗಿನ ನಡಿಗೆಗೆ ಬಿಸಿಲು ಆಗಲೂ ತಡೆಯುವ ಹಾಗೇ ಇರುತ್ತದೆ.