ಅಸಮಾನತೆಯ ಪಾಠಕ್ಕೆ ಊರಿನ ಉದಾಹರಣೆ ಯಾವುದು ಕೊಡಲಿ?

ಪ್ರಶ್ನೆ, ಉಡುಪಿಯಿಂದ:
ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಈ ಸಲ ಅಸಮಾನತೆ ಕಡಿಮೆ ಮಾಡುವ ಬಗ್ಗೆ ಒಂದು ಘಟಕ ಇದೆ. ಲೊರೆಂಜ್ ರೇಖೆ (ಬಡವರಿಂದ ಶುರುಮಾಡಿ ಎಷ್ಟು ಜನಕ್ಕೆ ಒಟ್ಟು ಆದಾಯದ ಎಷ್ಟು ಪಾಲು ಎಂದು ತೋರಿಸುವ ಗೆರೆ) ಎಂದ ಕೂಡಲೇ ಮಕ್ಕಳು ಕಿಟಕಿ ನೋಡುತ್ತಾರೆ. ಇದರಲ್ಲೇ ಪಿಎಚ್‌ಡಿ ಮಾಡುವ ಆಸೆಯೂ ಇದೆ. ಅನುಭವ ಇದ್ದವರು ಹೇಳಿ.

ಸುರತ್ಕಲ್‌ನಿಂದ:
ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಒಂದು ವರ್ಷ ತರಗತಿಯಲ್ಲಿ ಎಲ್ಲರ ಮನೆಯ ಆದಾಯ ಕೇಳಿದೆ. ಅಮ್ಮ ಬೀಡಿ ಕಟ್ಟುವ ಹುಡುಗಿಯೊಬ್ಬಳು ಸುಳ್ಳು ಲೆಕ್ಕ ಹೇಳಿದಳು. ನನಗೆ ಗೊತ್ತಾದದ್ದು ಆಮೇಲೆ. ಅದೊಂದು ಮಾಡಬೇಡಿ.

ಈಗ ತರಗತಿಗೆ ಚೆನ್ನೆಮಣೆ, ಅಂದರೆ ಗುಳಿಗಳಲ್ಲಿ ಕಾಯಿ ಹಂಚುತ್ತಾ ಆಡುವ ಮರದ ಮಣೆ, ಒಯ್ಯುತ್ತೇನೆ. (ತುಳುವರ ಮಳೆಗಾಲದ ಆಟಿ ತಿಂಗಳು ಬಿಟ್ಟು ಬೇರೆ ತಿಂಗಳು ಆಡಬಾರದು ಎನ್ನುವ ಹಿರಿಯರಿಗೆ ಹೇಳಬೇಡಿ.) 14 ಗುಳಿ, ಗುಳಿಗೆ 4 ಕಾಯಿ, ಒಟ್ಟು 56. ಒಂದೊಂದು ಗುಳಿ ಒಂದೊಂದು ಮನೆ. ಆಟಕ್ಕೆ ಮೊದಲು ಎಲ್ಲರಿಗೂ ಸಮ ಪಾಲು, ಲೊರೆಂಜ್ ರೇಖೆ ಎಳೆಸಿದರೆ ನೇರ ಕರ್ಣ. ಗೆದ್ದ ಕಾಯಿ ಹೊರಗೆ ತೆಗೆಯದೆ ಅದೇ ಗುಳಿಯಲ್ಲಿ ಬಿಡಿಸಿ. ನಾಲ್ಕು ಸುತ್ತು ಆದ ಮೇಲೆ ಕಡಿಮೆ ಇರುವ ಗುಳಿಯಿಂದ ಎಣಿಸಿ. ಹೋದ ಸಲ ಕೆಳಗಿನ 7 ಗುಳಿ ಸೇರಿ ಬರೀ 6 ಕಾಯಿ! ಅರ್ಧ ಊರಿಗೆ ನೂರಕ್ಕೆ 11ರಷ್ಟೂ ಇಲ್ಲ. ರೇಖೆ ಜೋತುಬಿತ್ತು. ಕರ್ಣಕ್ಕೂ ಅದಕ್ಕೂ ನಡುವಿನ ಜಾಗವನ್ನು ಕರ್ಣದ ಕೆಳಗಿನ ಇಡೀ ತ್ರಿಕೋನದಿಂದ ಭಾಗಿಸಿದರೆ ಗಿನಿ, ಅಸಮಾನತೆಯ ಅಳತೆ. ಯಾರೂ ಕಿಟಕಿ ನೋಡಲಿಲ್ಲ.

ಕಿನ್ನಿಗೋಳಿಯಿಂದ:
ದೇಶ ದೇಶಗಳ ನಡುವಿನ ಅಂತರಕ್ಕೆ ಗಲ್ಫ್ ಇದೆಯಲ್ವಾ? ಇಲ್ಲಿ ಲಾರಿ ಓಡಿಸಿದವರೇ ಅಲ್ಲಿ ಓಡಿಸಿದರೆ ಸಂಬಳ ಬೇರೆ. ಊರಿಗೆ ಹಣ ಕಳಿಸುವ ಖರ್ಚು 2030ರೊಳಗೆ ನೂರಕ್ಕೆ 3ಕ್ಕಿಂತ ಕಡಿಮೆಯಾಗಬೇಕು ಎಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಅಸಮಾನತೆ ತಗ್ಗಿಸುವ 10ನೇ ಗುರಿಯಲ್ಲೇ ಇದೆ. ಮಾವ ಎಷ್ಟು ಕಳಿಸಿದರು ಅಂತ ಕೇಳಬೇಡಿ, ಕಮಿಷನ್ ಎಷ್ಟು ಹಿಡಿದರು ಅಂತ ಕೇಳಿ.

ಬಂಟ್ವಾಳದಿಂದ:
ಪಿಎಚ್‌ಡಿಗಾದರೆ ಭೂಮಿ ಹಿಡಿಯಿರಿ. ನಮ್ಮ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿದಾರ. ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಡಿಕ್ಲರೇಶನ್ (ಉಳುವ ಭೂಮಿಯ ಹಕ್ಕು ಕೇಳುವ ಅರ್ಜಿ) ಕೊಟ್ಟರು, ಗದ್ದೆ ನಮ್ಮದಾಯಿತು. ಅಪ್ಪ ಓದಿದ್ದು ಅದರಿಂದಲೇ. ಅದೇ ಗದ್ದೆಗೆ ಕೂಲಿಗೆ ಬರುತ್ತಿದ್ದವರಿಗೆ ಗೇಣಿಯೇ ಇರಲಿಲ್ಲ, ಡಿಕ್ಲರೇಶನ್ ಎಲ್ಲಿಂದ ಕೊಡುವುದು? ಈ ಎರಡೂ ಮನೆಗಳ ಮೊಮ್ಮಕ್ಕಳು ಈಗ ಏನು ಮಾಡುತ್ತಿದ್ದಾರೆ, ಒಂದೇ ಊರಲ್ಲಿ ನೋಡಿ. ನಾನು ಎರಡು ವರ್ಷ ಸುಮ್ನೆ ದೊಡ್ಡ ಸರ್ವೆಗಳ ಅಂಕಿ ಹಿಡಿದು ಕೂತೆ. ಒಂದು ಊರಿಗೆ ಇಳಿದರೆ ಅವು ಏನೂ ಹೇಳುವುದಿಲ್ಲ. ಮತ್ತೆ, ತುಳುವಿನಲ್ಲೇ ಮಾತಾಡಿಸಿ. ಕನ್ನಡದಲ್ಲಿ ಕೇಳಿದರೆ ಸರ್ಕಾರದವರು ಬಂದರು ಅಂದುಕೊಳ್ಳುತ್ತಾರೆ.

ಉಡುಪಿಯಿಂದ:
ಚೆನ್ನೆಮಣೆ ಅತ್ತೆ ಮನೆಯ ಅಟ್ಟದಲ್ಲಿದೆ, ಆಟಿಗೆ ಮೊದಲು ಇಳಿಸಿ ಕೊಡುತ್ತಾರೋ ಇಲ್ಲವೋ. ಬಂಟ್ವಾಳದವರೇ, ಆ ಡಿಕ್ಲರೇಶನ್ ತೀರ್ಮಾನಿಸಿದ ಭೂನ್ಯಾಯಮಂಡಳಿಯ ಹಳೆ ಕಡತ ನಿಮಗೆ ನೋಡಲು ಸಿಕ್ಕಿತ್ತಾ?