ಅಪ್‌ಡೇಟ್: ಮರಳು ಮಣ್ಣಿನ ಐರಿಸ್ ಈಗ ಹೇಗಿವೆ

ದಕ್ಷಿಣ ನ್ಯೂಜೆರ್ಸಿಯ ನಮ್ಮ ಹಿತ್ತಲು ಬರೀ ಮರಳು, ಹಾಕಿದ ನೀರು ನಿಲ್ಲಲ್ಲ, ಐರಿಸ್ (ಬಿಯರ್ಡೆಡ್ ಐರಿಸ್) ಹೂಗಿಡಗಳು ಸೊರಗಿವೆ ಅಂತ ಹೋದ ವರ್ಷ ಕೇಳಿದ್ದೆ. ಜೇಡಿಮಣ್ಣು ತಂದು ಸುರಿಯಿರಿ ಅಂದವರೂ ಇದ್ದರು, ಕಾಂಪೋಸ್ಟ್ ಸಾಕು ಅಂದವರೂ ಇದ್ದರು. ನಾನು ಕಾಂಪೋಸ್ಟ್ ಕಡೆ ವಾಲಿದೆ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆ. ಪಿಎಚ್ (ಮಣ್ಣಿನ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5.4 ಬಂತು. ಇಲ್ಲಿನ ಪೈನ್ ಕಾಡಿನ ಮರಳಿಗೆ ಹುಳಿ ಜಾಸ್ತಿ, ಬ್ಲೂಬೆರಿಗೆ ಹೇಳಿ ಮಾಡಿಸಿದ್ದು. ಐರಿಸ್‌ಗೆ 6.8ರ ಆಸುಪಾಸು ಇರಬೇಕು. ಹುಳಿ ಇಳಿಸಲು ವರದಿ ಹೇಳಿದಷ್ಟೇ ಸುಣ್ಣ ಹಾಕಿದೆ. ಜುಲೈ ಕೊನೆಗೆ ಗೆಡ್ಡೆ ಕಿತ್ತು, ಎರಡು ಮೂರು ಇಂಚು ಹಳೇ ಎಲೆಗೊಬ್ಬರ ಹರಡಿ, ಒಂದಡಿ ಆಳಕ್ಕೆ ಅಗೆದು ಬೆರೆಸಿದೆ. ಹಸಿ ಸಗಣಿ ಮುಟ್ಟಲಿಲ್ಲ. ಅದರಿಂದ ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗುತ್ತದೆ, ಗೆಡ್ಡೆ ಕೊಳೆಯುತ್ತದೆ. ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣಬೇಕು ಅಂತಾರಲ್ವಾ? ಮರಳಿನಲ್ಲಿ ಅದು ಕಾದು ಸುಕ್ಕುತ್ತದೆ. ಅದಕ್ಕೇ ಮತ್ತೆ ನೆಡುವಾಗ ತೆಳ್ಳಗೆ, ಅರ್ಧ ಇಂಚು ಮಣ್ಣು ಮುಚ್ಚಿದೆ.

ಈಗ ಮಣ್ಣನ್ನು ಮುಷ್ಟಿಯಲ್ಲಿ ಅಮುಕಿದರೆ ಉಂಡೆಯಾಗುತ್ತದೆ, ಬೆರಳು ತಾಗಿದರೆ ಉದುರುತ್ತದೆ. ಮೊದಲು ಉಂಡೆಯೇ ಆಗುತ್ತಿರಲಿಲ್ಲ. ಮೇ ಕೊನೆಗೆ ನೇರಳೆ ಹೂ ಚೆನ್ನಾಗಿ ಬಂದವು. ಹಳದಿಯದು ಬರೀ ಎಲೆ ಬಿಟ್ಟು ಸುಮ್ನೆ ಕೂತಿದೆ. ಕಿತ್ತು ನೆಟ್ಟ ಮೊದಲ ವರ್ಷ ಹಾಗಾಗುವುದುಂಟು, ಕೀಳುವುದಿಲ್ಲ.

ಮರಳಿನಲ್ಲಿ ಕಾಂಪೋಸ್ಟ್ ಬೇಗ ಕರಗಿಹೋಗುತ್ತದೆ. ಹಾಗಾಗಿ ಇನ್ನು ಪ್ರತಿ ವರ್ಷ ಗಿಡದ ಸುತ್ತ ಸ್ವಲ್ಪ ಹಾಕುತ್ತೇನೆ, ಗೆಡ್ಡೆ ಮೇಲೆ ಬೀಳದ ಹಾಗೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.