ಅಲಮಾರಿ ಮೇಲಿನ ತಾಜ್‌ಮಹಲ್: ಬಿಚ್ಚೋದಾ, ಹಾಗೇ ಇಡೋದಾ?

ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ವಾದ ಎದ್ದರೆ ಅದು ಮದುವೆ ಮುಹೂರ್ತಕ್ಕೆ, ಇಲ್ಲವೇ ತೊಗರಿ ರೇಟಿಗೆ. ಈ ಸಲ ಎದ್ದದ್ದು ಒಂದು ಆಟದ ಸಾಮಾನಿನ ಡಬ್ಬಿಗೆ. ಕಲಬುರಗಿಯ ಹಳೇ ಮನೆಗೆ ಬಣ್ಣ ಹಚ್ಚಿಸುವಾಗ ಕಾಕು ಅಲಮಾರಿ ಮೇಲಿಂದ ಅದನ್ನು ಇಳಿಸಿದರು. ಪ್ಲಾಸ್ಟಿಕ್ ಇಟ್ಟಿಗೆ ತುಂಡು ಜೋಡಿಸಿ ಕಟ್ಟುವ, ಲೆಗೊ ಕಂಪನಿಯ ತಾಜ್‌ಮಹಲ್. ದುಬೈ ಕಾಕಾ ಊರಿಗೆ ಬಂದಾಗ ಎಲ್ಲ ಮಕ್ಕಳಿಗೂ ಸೇರಿ ಅಂತ ತಂದದ್ದು. ಇವತ್ತಿಗೂ ಸೀಲ್ ಬಿಚ್ಚಿಲ್ಲ.

ಗುಂಪಿನವರನ್ನು ಕೇಳಿಯೇ ಈ ಮಾತುಗಳನ್ನು ಇಲ್ಲಿ ಹಾಕುತ್ತಿದ್ದೇನೆ. ಗುಡ್ ಮಾರ್ನಿಂಗ್ ಚಿತ್ರಗಳು, ಪೇಂಟಿನ ಲೆಕ್ಕ ತೆಗೆದಿದ್ದೇನೆ. ನಾನು ಬಿಚ್ಚಬೇಕು ಅನ್ನುವವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಕು: (ಫೋಟೋ) ಇದನ್ನ ಏನು ಮಾಡಲಿ? ನಾಳೆ ಪೇಂಟಿನವರು ಈ ಕೋಣೆಗೆ ಬರ್ತಾರೆ.

ಪುಣೆ ಅಣ್ಣ: ಕಾಕು, ದಯವಿಟ್ಟು ಬಿಚ್ಚಬೇಡಿ. ನಾಲ್ಕೂ ಮೂಲೆಯ ಫೋಟೋ ಹಾಕಿ. ಟೇಪು ಗಟ್ಟಿ ಇದೆಯಾ?

ಕಾಕು: ಒಂದು ಮೂಲೆ ನೆಗ್ಗಿದೆ. ಉಳಿದದ್ದು ಚೆನ್ನಾಗಿದೆ. ಮೇಲೆ ಬರೀ ಧೂಳು.

ಪುಣೆ ಅಣ್ಣ: ಎಲ್ಲರೂ ಕೇಳಿ. ಇದು ಸೆಟ್ ನಂಬರ್ 10189. 2008ರಲ್ಲಿ ಬಂದದ್ದು. 5,922 ತುಂಡು. ಆ ಕಾಲಕ್ಕೆ ಅವರು ಮಾಡಿದ್ದರಲ್ಲೇ ಜಾಸ್ತಿ ತುಂಡು ಇದ್ದ ಸೆಟ್ ಇದು. ಅಮೆರಿಕದಲ್ಲಿ ಬೆಲೆ 300 ಡಾಲರ್ ಇತ್ತು. ಕಂಪನಿ ಮಾಡೋದು ನಿಲ್ಲಿಸಿದ ಮೇಲೆ ಸೀಲ್ ಇರುವ ಡಬ್ಬಿಗೆ ಅದರ ಎಷ್ಟೋ ಪಟ್ಟು ಕೊಟ್ಟವರಿದ್ದಾರೆ. ನಾನು ಸುಮ್ನೆ ಹೇಳುತ್ತಿಲ್ಲ. ರಷ್ಯಾದ ಅರ್ಥಶಾಸ್ತ್ರಜ್ಞರು 1987ರಿಂದ 2015ರವರೆಗಿನ ಎರಡು ಸಾವಿರಕ್ಕೂ ಹೆಚ್ಚು ಸೆಟ್‌ಗಳ ಮರುಮಾರಾಟದ ಬೆಲೆ ತೆಗೆದು ನೋಡಿದ್ದಾರೆ. ಸರಾಸರಿ ವರ್ಷಕ್ಕೆ ಶೇ. 11ರ ಹತ್ತಿರ ಏರಿಕೆ. ಬ್ಯಾಂಕಿನ ಎಫ್‌ಡಿಗಿಂತ ಜಾಸ್ತಿ.

ನಾನು: ಅಣ್ಣಾ, ಅದೇ ಅಧ್ಯಯನದಲ್ಲಿ ಕೆಲವು ಸೆಟ್‌ಗಳ ಬೆಲೆ ಅರ್ಧಕ್ಕೆ ಬಿದ್ದದ್ದೂ ಇದೆ. ಸರಾಸರಿ ಅಂದರೆ ಎರಡು ಸಾವಿರ ಡಬ್ಬಿ ಇಟ್ಟವನಿಗೆ ಸರಿ. ನಮ್ಮಲ್ಲಿರೋದು ಒಂದೇ ಡಬ್ಬಿ. ಅದೂ ಯಾವ ಡಬ್ಬಿ? 2017ರಲ್ಲಿ ಕಂಪನಿ ಇದೇ ತಾಜ್‌ಮಹಲನ್ನು 10256 ಅಂತ ಹೊಸ ನಂಬರ್ ಕೊಟ್ಟು ಮತ್ತೆ ಬಿಟ್ಟಿತು. ತುಂಡುಗಳು 5,923. ಒಂದೇ ಒಂದು ಜಾಸ್ತಿ. ಅಲ್ಲಿವರೆಗೆ ಹಳೇದನ್ನು ಸೀಲ್ ಮಾಡಿ ಇಟ್ಟುಕೊಂಡವರ ಬೆಲೆ ಕುಸಿಯಿತು. ಕಂಪನಿ ಮನಸ್ಸು ಮಾಡಿದರೆ ಇನ್ನೊಂದು ಸಲವೂ ಬಿಡಬಹುದು, ಅಲ್ವಾ?

ಪುಣೆ ಅಣ್ಣ: ಬಿದ್ದರೂ ಕೊಂಡ ಬೆಲೆಗಿಂತ ಕೆಳಗೆ ಹೋಗಲಿಲ್ಲ. ಇನ್ನೊಂದು ಮಾತು. 2020ರ ಬಜೆಟ್‌ನಲ್ಲಿ ಆಟಿಕೆ ಆಮದು ಸುಂಕ ಶೇ. 20ರಿಂದ 60ಕ್ಕೆ ಹೋಯಿತು. 2023ರಲ್ಲಿ 70. ಈಗ ಇಂಥದ್ದನ್ನು ನಮ್ಮ ದೇಶಕ್ಕೆ ತರಿಸೋದು ಸುಲಭವಲ್ಲ. ಇಲ್ಲಿ ಇರುವ ಡಬ್ಬಿಗೆ ಬೆಲೆ ಇದ್ದೇ ಇರುತ್ತದೆ.

ನಾನು: ಬೆಲೆ ಇರಬಹುದು. ಕೊಳ್ಳುವವರು ಎಲ್ಲಿ? ಇಂಥ ಡಬ್ಬಿಗೆ ದೊಡ್ಡ ದುಡ್ಡು ಕೊಡುವವರು ಹೊರದೇಶದಲ್ಲಿ ಇದ್ದಾರೆ. ನೆಗ್ಗಿದ ಮೂಲೆಯ ಡಬ್ಬಿಯನ್ನು ಇಲ್ಲಿಂದ ಕಳಿಸಬೇಕು. ಅದು ದಾರಿಯಲ್ಲಿ ಇನ್ನೂ ನಾಲ್ಕು ಕಡೆ ನೆಗ್ಗುತ್ತದೆ.

ಬೀದರ್ ಅಕ್ಕ: ನೀವಿಬ್ಬರೂ ದುಡ್ಡಿನ ಮಾತೇ ಆಡುತ್ತಿದ್ದೀರಿ. ನನಗೆ ದುಡ್ಡು ಬೇಡ. ಆದರೂ ಬಿಚ್ಚೋದು ಬೇಡ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಬಿದರಿ ಸುರಾಹಿ ಇದೆ. ಅದರಲ್ಲಿ ಯಾರಾದರೂ ನೀರು ಕುಡಿಯುತ್ತಾರಾ? ಶೋಕೇಸ್‌ನಲ್ಲಿ ಇಟ್ಟು ನೋಡುತ್ತೇವೆ. ಕೆಲವು ವಸ್ತು ಇಡೋದಕ್ಕೇ ಇರುತ್ತವೆ.

ಈ ಮಾತಿಗೆ ನಾನು ತಕ್ಷಣ ಉತ್ತರ ಹಾಕಲಿಲ್ಲ. ಅಣ್ಣನ ಲೆಕ್ಕಕ್ಕಿಂತ ಅಕ್ಕನ ಮಾತು ಗಟ್ಟಿ ಇತ್ತು. ಊಟ ಮುಗಿಸಿ ಬಂದು ಬರೆದೆ.

ನಾನು: ಅಕ್ಕಾ, ಬಿದರಿಯ ಮಾತು ಸರಿ. ಆದರೆ ಆ ಸುರಾಹಿ ನಿಮ್ಮ ಮನೆಗೆ ಬರುವ ಹೊತ್ತಿಗೆ ಅದರ ಕೆಲಸ ಮುಗಿದಿತ್ತು. ಸತು, ತಾಮ್ರ ಕರಗಿಸಿ ಎರಕ ಹೊಯ್ದವರು ಇದ್ದರು. ಉಳಿಯಿಂದ ಗೀರಿ ಬೆಳ್ಳಿ ತಂತಿ ಕೂರಿಸಿದವರು ಇದ್ದರು. ಕೋಟೆಯ ಮಣ್ಣು ಹಾಕಿ ಕುದಿಸಿ ಕಪ್ಪು ಬರಿಸಿದವರು ಇದ್ದರು. ನೋಡುವುದಷ್ಟೇ ನಮ್ಮ ಪಾಲಿಗೆ ಉಳಿದಿತ್ತು. ಈ ಡಬ್ಬಿಯಲ್ಲಿ ಹಾಗಲ್ಲ. ಇದರಲ್ಲಿ ತಾಜ್‌ಮಹಲ್ ಇಲ್ಲವೇ ಇಲ್ಲ. ತುಂಡುಗಳಿವೆ, ಪುಸ್ತಕ ಇದೆ. ಕಟ್ಟುವ ಕೆಲಸ ನಮಗೆ ಅಂತ ಬಿಟ್ಟಿದ್ದಾರೆ. ಆ ಕೆಲಸವನ್ನೇ ಮಾಡದೆ ಇಟ್ಟರೆ ನಾವು ಇಟ್ಟದ್ದು ಒಂದು ರಟ್ಟಿನ ಡಬ್ಬಿ ಮತ್ತು ಅದರ ಮೇಲಿನ ಚಿತ್ರ.

ಬೀದರ್ ಅಕ್ಕ: ಹೂಂ.

ಪುಣೆ ಅಣ್ಣ: ಭಾಷಣ ಚೆನ್ನಾಗಿದೆ ತಮ್ಮಾ. ಆದರೆ ಬಿಳಿ ಪ್ಲಾಸ್ಟಿಕ್ ಬೆಳಕಿಗೆ ಹಳದಿ ತಿರುಗುತ್ತದೆ. ಈ ಸೆಟ್ ಬಹುಪಾಲು ಬಿಳಿಯೇ. ಕಟ್ಟಿ ಇಟ್ಟರೆ ಧೂಳು, ಬಿಸಿಲು, ಮಕ್ಕಳ ಕೈ. ಡಬ್ಬಿಯೊಳಗೆ ಕತ್ತಲಲ್ಲಿ ಕ್ಷೇಮವಾಗಿದೆ.

ನಾನು: ಕಲಬುರಗಿಯಲ್ಲಿ ಮೇ ತಿಂಗಳ 43 ಡಿಗ್ರಿಗೆ, ಅಲಮಾರಿ ಮೇಲೆ, ತಾರಸಿಯಿಂದ ಕೈಯಳತೆಯಲ್ಲಿ ಯಾವುದೂ ಕ್ಷೇಮವಾಗಿ ಇರೋದಿಲ್ಲ. ಪ್ಲಾಸ್ಟಿಕ್ ತಡೆಯಬಹುದು. ರಟ್ಟು, ಅಂಟು, ಟೇಪು ತಡೆಯೋದಿಲ್ಲ. ಕಾಕು, ಟೇಪಿನ ಫೋಟೋ ಹತ್ತಿರದಿಂದ ತೆಗೆದು ಹಾಕುತ್ತೀರಾ?

ಕಾಕು: (ಫೋಟೋ) ಅಂಚು ಒಣಗಿ ಎದ್ದಿದೆ ನೋಡು. ಹಳದಿ ಆಗಿದೆ. ನಾನು ಮುಟ್ಟಿಲ್ಲಪ್ಪಾ, ತಾನೇ ಎದ್ದಿದೆ.

ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಪಾರದರ್ಶಕ ಟೇಪಿನ ಒಂದು ಬದಿ ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಸುರುಳಿ ಸುತ್ತಿತ್ತು. ಅದರ ಕೆಳಗೆ ರಟ್ಟಿನ ಮೇಲೆ ಅಂಟಿನ ಕಂದು ಗೆರೆ. ಇನ್ನೊಂದು ಬೇಸಿಗೆ ಕಳೆದರೆ ಮುಚ್ಚಳ ತಾನೇ ಬಾಯಿ ಬಿಡುತ್ತಿತ್ತು.

ನಾನು: ಅಣ್ಣಾ, ಈ ಟೇಪು ನೋಡಿ ಯಾರು ನಂಬುತ್ತಾರೆ? ಡಬ್ಬಿ ಬಿಚ್ಚಿ ಬೇರೆ ಏನೋ ತುಂಬಿ ಮತ್ತೆ ಅಂಟಿಸಿ ಮಾರುವವರು ಇದ್ದಾರೆ. ಅದಕ್ಕೇ ಕೊಳ್ಳುವವರು ತೂಕ ಕೇಳುತ್ತಾರೆ, ಟೇಪು ನೋಡುತ್ತಾರೆ, ಡಬ್ಬಿ ಅಲ್ಲಾಡಿಸಿದ ವಿಡಿಯೊ ಕೇಳುತ್ತಾರೆ. ಇನ್ನೂ ಒಂದಿದೆ. ಒಳಗೆ ಒಂದು ತುಂಡು ಕಡಿಮೆ ಇದ್ದರೆ ಹೊಸ ಸೆಟ್‌ಗಾದರೆ ಕಂಪನಿಯೇ ಕಳಿಸಿಕೊಡುತ್ತದೆ. ಇಷ್ಟು ಹಳೇದಕ್ಕೆ ಆ ಭರವಸೆ ಇಲ್ಲ. ತಡ ಮಾಡಿದಷ್ಟೂ ಕಷ್ಟ.

ವೈನಿ (ಪುಣೆ): ಒಂದು ದಾರಿ ಇದೆ. 2021ರಲ್ಲಿ ಚಿಕ್ಕ ತಾಜ್‌ಮಹಲ್ ಬಂತು. 2,022 ತುಂಡು. ಮಕ್ಕಳಿಗೆ ಅದನ್ನು ಹುಡುಕಿ ಕೊಡಿಸೋಣ. ದೊಡ್ಡದು ಹಾಗೇ ಇರಲಿ.

ನಾನು: ವೈನಿ, ನೀವು ಹೇಳಿದ್ದು ಒಳ್ಳೇ ಮನಸ್ಸಿನಿಂದ. ಆದರೆ ಮನೆಯಲ್ಲಿ ಒಂದು ಇದ್ದಾಗ ಇನ್ನೊಂದು ಕೊಳ್ಳೋದು ಯಾಕೆ? ಆಮೇಲೆ ದೊಡ್ಡದು ಎಂದಿಗೂ ಬಿಚ್ಚೋದಿಲ್ಲ.

ಇಲ್ಲಿಗೆ ಅಣ್ಣ ತನ್ನ ನಿಜವಾದ ಮಾತು ಹೇಳಿದ. ಇಷ್ಟು ಹೊತ್ತು ಡಾಲರ್ ಲೆಕ್ಕದ ಹಿಂದೆ ಇದ್ದದ್ದು ಇದು. ಇದನ್ನು ಪೂರ್ತಿ ಹಾಕುತ್ತೇನೆ.

ಪುಣೆ ಅಣ್ಣ: ನೋಡು, ಹೊಲ ಹಂಚಿ ಆಯಿತು. ಪಾತ್ರೆ ಹಂಚಿ ಆಯಿತು. ಮುತ್ಯಾನ ಗಡಿಯಾರ ಒಬ್ಬರ ಮನೆಗೆ ಹೋಯಿತು. ಎಲ್ಲರದೂ ಅಂತ ಉಳಿದಿರೋದು ಈ ಡಬ್ಬಿ ಒಂದೇ. ಯಾಕೆ ಉಳಿಯಿತು? ಯಾರೂ ಬಿಚ್ಚಲಿಲ್ಲ, ಅದಕ್ಕೆ. ಬಿಚ್ಚಿದ ದಿನ ಅದು ಬಿಚ್ಚಿದವರ ಮನೆಯದಾಗುತ್ತದೆ. ಅವರ ಮಕ್ಕಳು ಆಡುತ್ತಾರೆ, ಉಳಿದವರ ಮಕ್ಕಳು ಫೋಟೋ ನೋಡುತ್ತಾರೆ. ನನಗೆ ಅದು ಬೇಡ. ಬೇಕಿದ್ದರೆ ಮಾರಿ, ಎಲ್ಲರಿಗೂ ಸಮ ಹಂಚೋಣ.

ಯಾರೂ ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಸೀಲ್ ಇಡುವವರ ಪರವಾಗಿ ನಾನು ಕೇಳಿದ ಮಾತುಗಳಲ್ಲೆಲ್ಲ ಇದೇ ದೊಡ್ಡದು. ಬೆಲೆಯ ಮಾತಿಗೆ ಬೆಲೆಯಿಂದ ಉತ್ತರ ಕೊಡಬಹುದು. ಇದಕ್ಕೆ ಬೇರೆ ಉತ್ತರ ಬೇಕು.

ಅಷ್ಟರಲ್ಲಿ ಅಕ್ಕನ ಮಗಳು ತಾಯಿಯ ಫೋನಿನಿಂದ ಬರೆದಳು. ಏಳನೇ ಕ್ಲಾಸು.

ಬೀದರ್ ಅಕ್ಕ: ಮಾಮಾ, ನಾನು ಪುಟ್ಟಿ. ಆ ತುಂಡಿನಿಂದ ತಾಜ್‌ಮಹಲ್ ಒಂದೇ ಆಗುತ್ತದಾ? ಗೋಳಗುಮ್ಮಟ ಮಾಡಬಹುದಾ? ನಮ್ಮ ಕಲಬುರಗಿ ಕೋಟೆಯ ಮಸೀದಿ?

ನಾನು: ಮಾಡಬಹುದು ಪುಟ್ಟಿ. ಮೇಲೆ ಎಂಟು ಗುಬುಟು ಇರುವ ಇಟ್ಟಿಗೆ ನೋಡಿದ್ದೀಯಲ್ಲ? ಒಂದೇ ಬಣ್ಣದ ಅಂಥ ಆರು ಇಟ್ಟಿಗೆ ತೆಗೆದುಕೋ. ಅವನ್ನು ಒಂದಕ್ಕೊಂದು ಸೇರಿಸುವ ಬಗೆ 91,51,03,765 ಇವೆ ಅಂತ ಲೆಕ್ಕ ಹಾಕಿದ್ದಾರೆ. ಆರಕ್ಕೇ ಇಷ್ಟು. ಇಲ್ಲಿ ಐದು ಸಾವಿರದ ಮೇಲಿದೆ. ಕೋಟೆಯ ಜಾಮಾ ಮಸೀದಿಗೆ ಒಂದು ದೊಡ್ಡ ಗುಮ್ಮಟ, ಮೂಲೆಗೆ ಒಂದೊಂದರಂತೆ ನಾಲ್ಕು, ನಡುವೆ ಸಾಲಾಗಿ ಚಿಕ್ಕವು. 1367ರಲ್ಲಿ ಕಟ್ಟಿದ್ದು. ತೆರೆದ ಅಂಗಳವೇ ಇಲ್ಲ, ಪೂರ್ತಿ ಮೇಲೆ ಮುಚ್ಚಿದೆ. ತಾಜ್ ಕಟ್ಟಿದ ಮೇಲೆ ಬಿಚ್ಚಿ ಅದನ್ನೂ ಮಾಡೋಣ. ಎಷ್ಟು ಸಲ ಬಿಚ್ಚಿದರೂ ಇಟ್ಟಿಗೆಗೆ ಏನೂ ಆಗೋದಿಲ್ಲ. ಒಳಗೆ ಕೊಳವೆ ಇರುವ ಈ ಇಟ್ಟಿಗೆಗೆ 1958ರ ಜನವರಿ 28ರಂದು ಡೆನ್ಮಾರ್ಕಿನಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಆವತ್ತಿನ ಇಟ್ಟಿಗೆ ಇವತ್ತಿನದಕ್ಕೆ ಸರಿಯಾಗಿ ಕೂರುತ್ತದೆ.

ನಾನು: ಅಣ್ಣಾ, ನಿನ್ನ ಮಾತಿಗೆ ಬರುತ್ತೇನೆ. ತಾಜ್‌ಗೆ ನಾಲ್ಕು ಮಿನಾರು. ನಾಲ್ಕೂ ಒಂದೇ ಥರ. ನಾವೂ ನಾಲ್ಕು ಮನೆ: ಕಲಬುರಗಿ, ಬೀದರ್, ಪುಣೆ, ದುಬೈ. ಒಂದೊಂದು ಮನೆಯವರು ಒಂದೊಂದು ಮಿನಾರು ಕಟ್ಟಲಿ. ಅಡಿಪಾಯ, ದೊಡ್ಡ ಗುಮ್ಮಟ ಎಲ್ಲರೂ ಕೂತು. ಹಳೇ ಮನೆಯಲ್ಲೇ ಕಟ್ಟೋಣ, ಅಲ್ಲೇ ಇರಲಿ. ಯಾರ ಮನೆಗೂ ಹೋಗೋದು ಬೇಡ. ಡಬ್ಬಿ ಹಾಗೇ ಇದ್ದರೆ ಎಲ್ಲರದೂ ಅನ್ನುತ್ತೀಯ. ಇಷ್ಟು ವರ್ಷ ಅದನ್ನು ನೋಡಲಿಕ್ಕೆ ನಮ್ಮಲ್ಲಿ ಯಾರಾದರೂ ಬಂದಿದ್ದೇವಾ? ಅಲಮಾರಿ ಮೇಲೆ ಇದೆ ಅಂತ ಗೊತ್ತಿತ್ತು, ಅಷ್ಟೇ. ಕಟ್ಟಲಿಕ್ಕಾದರೆ ಬರಲೇಬೇಕಾಗುತ್ತದೆ.

ದುಬೈ ಕಾಕಾ: ಈಗ ಡ್ಯೂಟಿ ಮುಗಿಸಿ ಎಲ್ಲ ಓದಿದೆ. ನಾನು ಒಂದು ಹೇಳಬೇಕು. ಅದನ್ನು ಸೀಲ್ ಇಡಿ ಅಂದವರು ಅಂಗಡಿಯವರೂ ಅಲ್ಲ, ನಾನೂ ಅಲ್ಲ. ಮೇಲೆ ಇಡಿಸಿದ್ದು ಆಯಿ. ಆಗ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ತುಂಡು ನುಂಗಿಬಿಡುತ್ತಾರೆ ಅಂತ ಹೆದರಿಕೆ. ದೊಡ್ಡವರಾದ ಮೇಲೆ ಇಳಿಸೋಣ ಅಂದಿದ್ದಳು.

ಕಾಕು: ಹೌದು. ನಾನೇ ಕುರ್ಚಿ ಹಾಕಿ ಇಟ್ಟಿದ್ದು.

ವೈನಿ (ಪುಣೆ): ಹಾಗಾದರೆ ಬೆಲೆ ಬರಲಿ ಅಂತ ಇಟ್ಟದ್ದೇ ಅಲ್ಲ!

ಪುಣೆ ಅಣ್ಣ: ಕಾಕಾ, ಇದು ನನಗೆ ಗೊತ್ತಿರಲಿಲ್ಲ. ನೀವು ಏನು ಹೇಳುತ್ತೀರಿ?

ದುಬೈ ಕಾಕಾ: ನನ್ನನ್ನು ಕೇಳಬೇಡಿ. ಕೊಟ್ಟ ಮೇಲೆ ನನ್ನದಲ್ಲ. ಮಾರಿದರೂ ನನಗೆ ಪಾಲು ಬೇಡ. ಆದರೆ ಮಿನಾರು ಕಟ್ಟೋದಾದರೆ ನನ್ನ ರಜೆ ನೋಡಿಕೊಂಡು ದಿನ ಗೊತ್ತು ಮಾಡಿ. ವಿಡಿಯೊ ಕಾಲ್‌ನಲ್ಲಿ ನಾನು ಕಟ್ಟೋದಿಲ್ಲ.

ಪುಣೆ ಅಣ್ಣ: ಆಯಿತು. ಆದರೆ ನನ್ನ ಷರತ್ತು ಇವು. ಡಬ್ಬಿ ಹರಿಯಬಾರದು. ಬ್ಲೇಡಿನಿಂದ ಟೇಪು ಮಾತ್ರ ಕೊಯ್ಯಬೇಕು. ಡಬ್ಬಿ, ಪುಸ್ತಕ ಎರಡನ್ನೂ ಪ್ಲಾಸ್ಟಿಕ್ ಹಾಳೆ ಸುತ್ತಿ ಇಡಬೇಕು. ಕಟ್ಟುವ ಮೊದಲು ಬಣ್ಣ, ಆಕಾರ ನೋಡಿ ತುಂಡು ಬೇರೆ ಬೇರೆ ಮಾಡಿ ಎಣಿಸಬೇಕು. ಕಡಿಮೆ ಬಂದದ್ದನ್ನು ನಾನು ಬ್ರಿಕ್‌ಲಿಂಕ್‌ನಲ್ಲಿ ಹುಡುಕುತ್ತೇನೆ. ಆ ವೆಬ್‌ಸೈಟಿನಲ್ಲಿ ಬಿಡಿ ತುಂಡು ಸಿಗುತ್ತವೆ. ಮತ್ತೆ ಒಂದು ಮಾತು ಹೇಳಿಬಿಡುತ್ತೇನೆ. ಮಾರಿದ್ದರೆ ತಪ್ಪಾಗುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ನಾನು: ಎಲ್ಲ ಷರತ್ತಿಗೂ ಒಪ್ಪಿದೆ. ಎಣಿಸುವ ಕೆಲಸ ನಿನ್ನದೇ.

ಕಾಕು: ಕಟ್ಟಿದ ಮೇಲೆ ಎಲ್ಲಿ ಇಡೋದು? ಎಷ್ಟು ದೊಡ್ಡದು?

ನಾನು: ಅರ್ಧ ಮೀಟರ್ ಅಗಲ ಕಾಕು. ಎತ್ತರ ಅದಕ್ಕಿಂತ ಸ್ವಲ್ಪ ಕಡಿಮೆ. ಪಡಸಾಲೆಯಲ್ಲಿ ಟಿವಿ ಎದುರಿನ ಗೋಡೆ ಸರಿ. ಅಲ್ಲಿ ಕಿಟಕಿ ಬಿಸಿಲು ಬೀಳೋದಿಲ್ಲ.

ಕಾಕು: ಕಟ್ಟೋದು ನೆಲದ ಮೇಲೆ ತಾನೇ? ಶಹಾಬಾದ್ ಫರಸಿಯ ಸಂದಿನಲ್ಲಿ ಸಣ್ಣ ತುಂಡು ಸೇರಿದರೆ ಸಿಗೋದಿಲ್ಲ. ಎರಡು ದೊಡ್ಡ ಚಾದರ ಹಾಸುತ್ತೇನೆ. ಬಿಳಿ ಬೇಡ, ತುಂಡು ಬಿಳಿ ಇವೆ ಅಂದಿರಲ್ಲ. ಕೆಂಪು ಹಾಸುತ್ತೇನೆ.

ಬೀದರ್ ಅಕ್ಕ: ಪುಟ್ಟಿ ಕೇಳುತ್ತಿದ್ದಾಳೆ, ಟೇಪು ಯಾರು ಕೊಯ್ಯೋದು ಅಂತ.

ಪುಣೆ ಅಣ್ಣ: ನಾನು. ಬೇರೆ ಯಾರೂ ಬ್ಲೇಡ್ ಮುಟ್ಟಬಾರದು.

ದುಬೈ ಕಾಕಾ: ಟಿಕೆಟ್ ನೋಡುತ್ತಿದ್ದೇನೆ. ಶರಣಬಸವೇಶ್ವರ ಜಾತ್ರೆಗೆ ಬಂದರೆ ಎರಡೂ ಆಗುತ್ತದೆ. ಎಲ್ಲರೂ ಆಗ ರಜೆ ಹಾಕಿ.